ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದರೆ ಅಂಚು ಕತ್ತರಿಸಿಹೋಗುತ್ತದೆ, ಅಕ್ಷರ ಮಸುಕಾಗುತ್ತದೆ: ಪರಿಹಾರ ತಿಳಿಸುವಿರಾ?

ಓದುಗಮಿತ್ರ:

ಎಲ್ಲರಿಗೂ ನಮಸ್ಕಾರ. ಓದುವ, ಬರೆಯುವ ಕೆಲಸವನ್ನು ದೊಡ್ಡ ಪರದೆಯಲ್ಲಿ ಮಾಡಿಕೊಳ್ಳಬೇಕೆಂಬ ಉದ್ದೇಶದಿಂದ ನನ್ನ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್ ಮೂಲಕ ಟಿವಿಗೆ ಜೋಡಿಸಿದ್ದೇನೆ. ಚಿತ್ರ ಬರುತ್ತಿದೆಯಾದರೂ ಕಣ್ಣಿಗೆ ಹಿತವಾಗಿಲ್ಲ. ಪರದೆಯ ನಾಲ್ಕೂ ಅಂಚುಗಳು ಟಿವಿಯ ಚೌಕಟ್ಟಿನ ಆಚೆಗೆ ಸರಿದಂತೆ ಕಾಣೆಯಾಗಿದ್ದು, ಕೆಳಗಿನ ಟಾಸ್ಕ್‌ಬಾರ್ ಅರ್ಧ ಮಾತ್ರ ಕಾಣುತ್ತದೆ. ಅಕ್ಷರಗಳು ಮಸುಕಾಗಿವೆ, ಕಪ್ಪು ಅಕ್ಷರಗಳಿಗಿಂತ ಕೆಂಪು, ನೀಲಿ ಅಕ್ಷರಗಳು ಇನ್ನೂ ಹೆಚ್ಚು ಕಲಸಿಹೋದಂತಿವೆ. ಎರಡೂ ಪರದೆಗಳಲ್ಲಿ ಒಂದೇ ಚಿತ್ರ ಬರುವ ಬದಲು ಟಿವಿಯನ್ನು ಪ್ರತ್ಯೇಕ ಪರದೆಯನ್ನಾಗಿ ಮಾಡಿಕೊಂಡರೆ ಮೌಸಿನ ಬಾಣ ತಡವರಿಸುತ್ತಾ ಚಲಿಸುತ್ತದೆ. ಇಷ್ಟರ ಮೇಲೆ ಧ್ವನಿ ಲ್ಯಾಪ್‌ಟಾಪಿನಿಂದಲೇ ಹೊರಡುತ್ತದೆ.

ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇದೆ, ಅದರ ಪರದೆ 1920×1080 ಪಿಕ್ಸೆಲ್‌ಗಳದ್ದು. ಟಿವಿ 4ಕೆ. ಕೇಬಲ್ ಬದಲಿಸಿದರೆ ಸರಿಹೋಗುವುದೆಂದು ಪರಿಚಿತರು ಹೇಳುತ್ತಿದ್ದಾರೆ. ಹೊಸ ಕೇಬಲ್ ಕೊಳ್ಳುವ ಮೊದಲು ತಿಳಿದವರ ಅಭಿಪ್ರಾಯ ಕೇಳೋಣವೆಂದು ಬರೆಯುತ್ತಿದ್ದೇನೆ.

ತಂತಿಯ ತುದಿ:

ಓದುಗಮಿತ್ರ ಅವರೇ, ದಯವಿಟ್ಟು ಈಗಲೇ ಕೇಬಲ್ ಬದಲಿಸಬೇಡಿ. ಎಚ್‌ಡಿಎಂಐ ಕೇಬಲಿನಲ್ಲಿ ಹರಿಯುವುದು ಡಿಜಿಟಲ್ ಸಂಕೇತ. ಕೇಬಲ್ ಕೆಟ್ಟಿದ್ದರೆ ಚಿತ್ರ ಆಗಾಗ ಮಾಯವಾಗುತ್ತದೆ, ಪರದೆಯ ತುಂಬ ಬಿಳಿ ಚುಕ್ಕೆಗಳು ಮಿನುಗುತ್ತವೆ, ಇಲ್ಲವೇ ಚಿತ್ರ ಬರುವುದೇ ಇಲ್ಲ. ಅಂಚು ಕತ್ತರಿಸುವುದಾಗಲಿ, ಅಕ್ಷರಗಳನ್ನು ಒಂದೇ ಸಮನೆ ಮಸುಕಾಗಿಸುವುದಾಗಲಿ ಕೇಬಲಿನಿಂದ ಆಗುವ ಕೆಲಸವಲ್ಲ. ನೀವು ಹೇಳಿದ ಲಕ್ಷಣಗಳ ಬಹುಪಾಲು ಟಿವಿಯ ಒಳಗಿನ ಸೆಟ್ಟಿಂಗ್‌ಗಳಿಂದ ಬಂದಿವೆ: ತನಗೆ ಬರುತ್ತಿರುವುದು ಕಂಪ್ಯೂಟರಿನ ಚಿತ್ರವೆಂದು ನಿಮ್ಮ ಟಿವಿಗೆ ಗೊತ್ತಿಲ್ಲ, ಆದ್ದರಿಂದ ಅದು ಎಲ್ಲವನ್ನೂ ಸಿನಿಮಾ ಅಥವಾ ಪ್ರಸಾರದ ಕಾರ್ಯಕ್ರಮವೆಂದೇ ಭಾವಿಸಿ ತಿದ್ದುತ್ತಿದೆ.

ಅಂಚಿನ ವಿಷಯವನ್ನು ಮೊದಲು ನೋಡೋಣ. ಇದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ಹಳೆಯ ಪಿಕ್ಚರ್ ಟ್ಯೂಬಿನ ಟಿವಿಗಳಲ್ಲಿ ಚಿತ್ರದ ಅಂಚುಗಳು ಎಲ್ಲ ಸೆಟ್ಟುಗಳಲ್ಲೂ ಒಂದೇ ಕಡೆ ಬಂದು ನಿಲ್ಲುತ್ತಿರಲಿಲ್ಲ. ಸೊಟ್ಟಗಿನ ಅಂಚು ಅಥವಾ ಕಪ್ಪು ಪಟ್ಟಿ ನೋಡುಗರಿಗೆ ಕಾಣಬಾರದೆಂದು ಚಿತ್ರವನ್ನು ಗಾಜಿಗಿಂತ ಸ್ವಲ್ಪ ದೊಡ್ಡದಾಗಿಯೇ ಮೂಡಿಸುತ್ತಿದ್ದರು. ಇಂದಿನ ಎಲ್‌ಇಡಿ ಪರದೆಗಳಲ್ಲಿ ಪ್ರತಿ ಪಿಕ್ಸೆಲಿಗೂ ನಿಗದಿತ ಸ್ಥಾನವಿರುವುದರಿಂದ ಆ ಅಗತ್ಯ ಉಳಿದಿಲ್ಲ. ಆದರೂ ಅನೇಕ ಟಿವಿಗಳು ಚಿತ್ರವನ್ನು ಕೆಲವು ಶೇಕಡಾ ಹಿಗ್ಗಿಸಿ, ಹೊರಗುಳಿದದ್ದನ್ನು ಕತ್ತರಿಸುವ ಪದ್ಧತಿಯನ್ನು ಮುಂದುವರಿಸಿವೆ. ಹೀಗೆ ಹಿಗ್ಗಿಸುವಾಗ ಲ್ಯಾಪ್‌ಟಾಪ್ ಕಳುಹಿಸಿದ ಒಂದು ಪಿಕ್ಸೆಲ್ ಟಿವಿಯ ಒಂದು ಪಿಕ್ಸೆಲ್ ಮೇಲೆ ನೇರವಾಗಿ ಕೂರುವುದಿಲ್ಲ, ಅಕ್ಕಪಕ್ಕದವುಗಳ ಜೊತೆ ಬೆರೆಯುತ್ತದೆ. ನಿಮ್ಮ ಅಕ್ಷರಗಳು ಮಸುಕಾಗುವುದಕ್ಕೂ ಅರ್ಧ ಕಾರಣ ಇದೇ.

ಟಿವಿಯ ರಿಮೋಟ್ ತೆಗೆದುಕೊಂಡು ಚಿತ್ರದ ಗಾತ್ರಕ್ಕೆ ಸಂಬಂಧಿಸಿದ ಮೆನುವಿಗೆ ಹೋಗಿ. ಒಂದೊಂದು ಕಂಪನಿ ಒಂದೊಂದು ಹೆಸರಿಡುತ್ತದೆ: ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್, ಫುಲ್ ಪಿಕ್ಸೆಲ್, ಡಾಟ್ ಬೈ ಡಾಟ್, 1:1 ಇತ್ಯಾದಿ. ಕೆಲವದರಲ್ಲಿ ಓವರ್‌ಸ್ಕ್ಯಾನ್ ಎಂದೇ ಇದ್ದು ಅದನ್ನು ಆಫ್ ಮಾಡಬೇಕಾಗುತ್ತದೆ. ಈ ಆಯ್ಕೆ ಬಹಳ ಟಿವಿಗಳಲ್ಲಿ ಪ್ರತಿ ಇನ್‌ಪುಟ್‌ಗೂ ಬೇರೆಬೇರೆಯಾಗಿ ಉಳಿಯುತ್ತದೆ. ಆದ್ದರಿಂದ ಲ್ಯಾಪ್‌ಟಾಪಿನ ಚಿತ್ರ ಪರದೆಯ ಮೇಲಿರುವಾಗಲೇ ಬದಲಿಸಿ.

ನಸುಬೆಳಕು:

ಇದಕ್ಕೆ ಇನ್ನೊಂದು ದಾರಿಯೂ ಇದೆ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಡ್ರೈವರ್ ಜೊತೆ ಬರುವ ನಿಯಂತ್ರಣ ತಂತ್ರಾಂಶದಲ್ಲಿ ಚಿತ್ರವನ್ನು ಕುಗ್ಗಿಸುವ ಸೌಲಭ್ಯವಿರುತ್ತದೆ. ಅಲ್ಲಿಯ ಗುಂಡಿಯನ್ನು ಎಳೆದು ಅಂಚುಗಳು ಟಿವಿಯ ಒಳಗೆ ಬರುವವರೆಗೂ ಹೊಂದಿಸಿಕೊಂಡರೆ ಟಿವಿಯ ಮೆನುವಿನಲ್ಲಿ ಹುಡುಕಾಡುವ ಕಷ್ಟವಿರುವುದಿಲ್ಲ.

ತಂತಿಯ ತುದಿ:

ನಸುಬೆಳಕು ಅವರೇ, ಆ ಸೌಲಭ್ಯ ಇರುವುದು ನಿಜ, ಆದರೆ ಅದನ್ನು ಕೊನೆಯ ಉಪಾಯವನ್ನಾಗಿ ಮಾತ್ರ ಇಟ್ಟುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಲ್ಯಾಪ್‌ಟಾಪ್ ಚಿತ್ರವನ್ನು ಕುಗ್ಗಿಸುತ್ತದೆ, ಟಿವಿ ಅದನ್ನೇ ಮತ್ತೆ ಹಿಗ್ಗಿಸುತ್ತದೆ; ಅಂಚು ಮರಳಿ ಬರುತ್ತದೆ, ಆದರೆ ಚಿತ್ರ ಎರಡು ಬಾರಿ ಕಲಸಿಹೋಗಿರುತ್ತದೆ. ಸಿನಿಮಾ ನೋಡುವವರಿಗೆ ಇದು ಗಮನಕ್ಕೆ ಬಾರದಿರಬಹುದು. ಓದಿಗೆಂದು ಪರದೆಯನ್ನು ಬಳಸುವವರಿಗೆ ಕಣ್ಣು ನೋಯುವುದು ಖಂಡಿತ.

ನಸುಬೆಳಕು:

ಒಪ್ಪುತ್ತೇನೆ, ಆದರೆ ಓವರ್‌ಸ್ಕ್ಯಾನನ್ನು ತೆಗೆಯುವ ಆಯ್ಕೆಯೇ ಇಲ್ಲದ ಹಳೆಯ ಎಲ್‌ಸಿಡಿ ಟಿವಿಗಳೂ ಇನ್ನೂ ಬಳಕೆಯಲ್ಲಿವೆ. ಅಂಥವರಿಗೆ ಉಳಿಯುವುದು ಇದೊಂದೇ ಮಾರ್ಗ. ಓದುಗಮಿತ್ರ ಅವರದು 4ಕೆ ಟಿವಿಯಾದ್ದರಿಂದ ನೀವು ಹೇಳಿದಂತೆ ಮಾಡುವುದೇ ಸರಿ.

ವರ್ಣಲೋಕ:

ಬಣ್ಣದ ಅಕ್ಷರಗಳು ಹೆಚ್ಚು ಕಲಸಿಹೋಗುತ್ತವೆ ಎಂದಿದ್ದೀರಿ. ಓವರ್‌ಸ್ಕ್ಯಾನ್ ತೆಗೆದ ಮೇಲೂ ಇದು ಉಳಿಯುವ ಸಾಧ್ಯತೆ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸುವುದಿಲ್ಲ. ಇದನ್ನು ಬಳಸಿಕೊಂಡು ವಿಡಿಯೊಗಳಲ್ಲಿ ಪ್ರತಿ ಪಿಕ್ಸೆಲಿನ ಬೆಳಕನ್ನು ಪೂರ್ತಿಯಾಗಿ ದಾಖಲಿಸಿ, ಬಣ್ಣವನ್ನು ಮಾತ್ರ ನಾಲ್ಕು ಪಿಕ್ಸೆಲಿಗೆ ಒಂದರಂತೆ ದಾಖಲಿಸುತ್ತಾರೆ. ಇದನ್ನು 4:2:0 ಎಂದು ಬರೆಯುತ್ತಾರೆ. ಎಲ್ಲ ಪಿಕ್ಸೆಲಿಗೂ ಅದರದೇ ಬಣ್ಣವಿದ್ದರೆ ಅದು 4:4:4, ನಡುವಿನದು 4:2:2. ಮುಖ, ಮರ, ಆಕಾಶ ಮುಂತಾದ ಚಿತ್ರಗಳಲ್ಲಿ ಈ ಮಿತವ್ಯಯ ಕಣ್ಣಿಗೆ ತಿಳಿಯುವುದೇ ಇಲ್ಲ. ಕಂಪ್ಯೂಟರಿನ ಅಕ್ಷರದಲ್ಲಿ ಹಾಗಲ್ಲ. ಅದರ ಒಂದು ಗೆರೆ ಒಂದೆರಡು ಪಿಕ್ಸೆಲ್ ಮಾತ್ರ ಅಗಲವಿರುತ್ತದೆ. ನೀಲಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರವಿದ್ದರೆ ಎರಡೂ ಬಣ್ಣಗಳು ಸೇರಿ ಗೆರೆಯೇ ಕರಗಿಹೋಗುತ್ತದೆ. ನಮ್ಮ ಕನ್ನಡದ ಒತ್ತಕ್ಷರಗಳಂತೂ ಚಿಕ್ಕ ಗಾತ್ರದಲ್ಲಿ ಓದಲಾಗದಂತಾಗುತ್ತವೆ.

ಲ್ಯಾಪ್‌ಟಾಪ್ 4:4:4 ಚಿತ್ರವನ್ನೇ ಕಳುಹಿಸಿದರೂ ಅನೇಕ ಟಿವಿಗಳು ಚಿತ್ರ ಸುಧಾರಣೆಯ ಹಂತಗಳಲ್ಲಿ ಬಣ್ಣದ ಮಾಹಿತಿಯನ್ನು ತಾವೇ ಕಡಿಮೆ ಮಾಡಿಬಿಡುತ್ತವೆ. ಇದನ್ನು ತಡೆಯಲು ಟಿವಿಗೆ ಇದು ಕಂಪ್ಯೂಟರ್ ಎಂದು ತಿಳಿಸಬೇಕು. ಇನ್‌ಪುಟ್ ಅಥವಾ ಸೋರ್ಸ್ ಪಟ್ಟಿಯಲ್ಲಿ ನಿಮ್ಮ ಲ್ಯಾಪ್‌ಟಾಪ್ ಇರುವ ಎಚ್‌ಡಿಎಂಐ ಕಿಂಡಿಯ ಹೆಸರನ್ನು ಅಥವಾ ಚಿಹ್ನೆಯನ್ನು ಬದಲಿಸುವ ಅವಕಾಶವಿದ್ದರೆ ಅಲ್ಲಿ ಪಿಸಿ ಎಂಬುದನ್ನು ಆರಿಸಿ. ನೋಡಲು ಕೇವಲ ಹೆಸರಿನ ಬದಲಾವಣೆಯಂತಿದ್ದರೂ ಹಲವು ಟಿವಿಗಳಲ್ಲಿ ಆ ಒಂದು ಆಯ್ಕೆಯಿಂದಲೇ ಓವರ್‌ಸ್ಕ್ಯಾನ್, ಚಲನೆಯನ್ನು ನಯಗೊಳಿಸುವ ತಿದ್ದುಪಡಿ, ಬಣ್ಣದ ಕಡಿತ ಮೂರೂ ಒಟ್ಟಿಗೆ ನಿಲ್ಲುತ್ತವೆ. ಈ ಸೌಲಭ್ಯವಿಲ್ಲದ ಟಿವಿಗಳಲ್ಲಿ ಗೇಮ್ ಮೋಡ್ ಪ್ರಯತ್ನಿಸಬಹುದು. ಬಾಣ ನಿಮ್ಮ ಕೈಗಿಂತ ಹಿಂದೆ ಬೀಳುವುದನ್ನು ಅದು ಕಡಿಮೆ ಮಾಡುತ್ತದೆ.

ಶಾರ್ಪ್‌ನೆಸ್ ಎಂಬ ಆಯ್ಕೆಯನ್ನೂ ಇಳಿಸಿ. ಹೆಸರು ಕೇಳಿದರೆ ಹೆಚ್ಚಿಸಿದಷ್ಟೂ ಸ್ಪಷ್ಟವಾಗಬೇಕೆಂದು ತೋರುತ್ತದೆ, ಆದರೆ ಅದು ಪ್ರತಿ ಅಕ್ಷರದ ಸುತ್ತ ಬಿಳಿಯ ಅಂಚನ್ನು ಕೂಡಿಸುತ್ತದೆ. ಕೆಲವು ಟಿವಿಗಳಲ್ಲಿ ತಟಸ್ಥ ಸ್ಥಾನ ಸೊನ್ನೆಯಾದರೆ ಕೆಲವದರಲ್ಲಿ ನಡುವಿನ ಅಂಕೆ. ಬಿಳಿ ಅಂಚು ಮಾಯವಾಗುವ ಕಡೆ ನಿಲ್ಲಿಸಿ. ಕಪ್ಪು ಬಣ್ಣ ಬೂದಿಯಂತೆ ಕಂಡರೆ ಅದು ಇನ್ನೊಂದು ಹೊಂದಾಣಿಕೆಯ ದೋಷ: ಕಂಪ್ಯೂಟರಿನಲ್ಲಿ ಬೆಳಕಿನ ಮಟ್ಟಗಳು 0ಯಿಂದ 255ರವರೆಗೆ, ವಿಡಿಯೊದಲ್ಲಿ 16ರಿಂದ 235ರವರೆಗೆ. ಎರಡೂ ಉಪಕರಣಗಳಲ್ಲಿ ಒಂದೇ ವ್ಯಾಪ್ತಿಯನ್ನು ಆರಿಸಿಕೊಂಡರೆ ಸರಿಹೋಗುತ್ತದೆ.

ಓದುಗಮಿತ್ರ:

ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಇನ್‌ಪುಟ್ ಹೆಸರನ್ನು ಪಿಸಿ ಎಂದು ಬದಲಿಸಿದ ಕೂಡಲೇ ಅಂಚುಗಳು ಒಳಗೆ ಬಂದವು, ಕೆಂಪು ಅಕ್ಷರಗಳ ಗೆರೆಗಳು ಬಿಡಿಬಿಡಿಯಾಗಿ ಕಾಣತೊಡಗಿದವು. ಧ್ವನಿ ಮತ್ತು ಬಾಣದ ತಡವರಿಕೆ ಇನ್ನೂ ಹಾಗೆಯೇ ಇವೆ. ಜೊತೆಗೆ ಒಂದು ಸಂದೇಹ: ಎರಡೂ ಪರದೆಗಳಲ್ಲಿ ಒಂದೇ ಚಿತ್ರವಿರುವಾಗ ಬಾಣ ಸರಾಗವಾಗಿ ಚಲಿಸುತ್ತದೆ, ಆದರೆ ಅಕ್ಷರ ಅಷ್ಟು ಚೂಪಾಗಿರುವುದಿಲ್ಲ. ಟಿವಿಯನ್ನು ಪ್ರತ್ಯೇಕ ಪರದೆ ಮಾಡಿದಾಗ ಅಕ್ಷರ ಚೂಪಾಗುತ್ತದೆ, ಬಾಣ ತಡವರಿಸುತ್ತದೆ. ಹೀಗೇಕೆ?

ಗಣಿತಪ್ರಿಯ:

ನಿಮ್ಮ ಸಂದೇಹದಲ್ಲಿಯೇ ಉತ್ತರದ ಸುಳಿವಿದೆ. ವಿಂಡೋಸ್ ಕೀಲಿಯನ್ನು ಒತ್ತಿ ಹಿಡಿದು 'ಪಿ' ಅಕ್ಷರವನ್ನು ಒತ್ತಿದಾಗ ನಾಲ್ಕು ಆಯ್ಕೆಗಳು ಬರುತ್ತವೆ: ಲ್ಯಾಪ್‌ಟಾಪಿನ ಪರದೆ ಮಾತ್ರ, ಎರಡರಲ್ಲೂ ಒಂದೇ ಚಿತ್ರ, ಎರಡನ್ನೂ ಸೇರಿಸಿ ಒಂದು ವಿಶಾಲ ಪರದೆ, ಎರಡನೆಯ ಪರದೆ ಮಾತ್ರ. ಒಂದೇ ಚಿತ್ರವನ್ನು ಎರಡೂ ಕಡೆ ತೋರಿಸುವಾಗ ಎರಡಕ್ಕೂ ಒಪ್ಪುವ ರೆಸಲ್ಯೂಶನ್ ಬೇಕಾಗುವುದರಿಂದ ನಿಮ್ಮ ಲ್ಯಾಪ್‌ಟಾಪಿನ 1920×1080 ಆಯ್ಕೆಯಾಗುತ್ತದೆ. ಟಿವಿ ಅದನ್ನು ತನ್ನ 3840×2160 ಪಿಕ್ಸೆಲ್‌ಗಳಿಗೆ ಹಿಗ್ಗಿಸಿಕೊಳ್ಳುತ್ತದೆ. ಪ್ರತ್ಯೇಕ ಪರದೆಯಾದಾಗ ಟಿವಿಗೆ ಅದರದೇ 4ಕೆ ಚಿತ್ರ ಹೋಗುತ್ತದೆ, ಆದರೆ ನಿಮ್ಮ ಲ್ಯಾಪ್‌ಟಾಪಿನ ಎಚ್‌ಡಿಎಂಐ ಬಹುಶಃ 1.4ನೆಯ ಆವೃತ್ತಿಯದಾಗಿರುವುದರಿಂದ ಸೆಕೆಂಡಿಗೆ 30 ಚಿತ್ರಗಳನ್ನು ಮಾತ್ರ ಕಳುಹಿಸಬಲ್ಲದು.

ಲೆಕ್ಕವನ್ನು ಒಮ್ಮೆ ಮಾಡಿ ನೋಡಿದರೆ ಈ ವಿಷಯದಲ್ಲಿ ಮುಂದೆಂದೂ ಗೊಂದಲವಾಗುವುದಿಲ್ಲ. ಪರದೆಯಲ್ಲಿ ಕಾಣುವ ಪಿಕ್ಸೆಲ್‌ಗಳ ಜೊತೆಗೆ ಸಾಲು ಸಾಲುಗಳ ನಡುವೆ, ಚಿತ್ರ ಚಿತ್ರಗಳ ನಡುವೆ ಕಾಣದ ಬಿಡುವಿನ ಭಾಗವೂ ಸಂಕೇತದಲ್ಲಿ ಹೋಗುತ್ತದೆ. ಅದನ್ನೂ ಸೇರಿಸಿದರೆ 1080 ಸಾಲಿನ ಚಿತ್ರ 2200×1125 ಆಗುತ್ತದೆ, 4ಕೆ ಚಿತ್ರ 4400×2250 ಆಗುತ್ತದೆ. ಪ್ರತಿ ಪಿಕ್ಸೆಲಿಗೆ 24 ಬಿಟ್ ಬಣ್ಣವಿದ್ದರೂ ತಂತಿಯಲ್ಲಿ ಸಾಗುವಾಗ ಪ್ರತಿ 8 ಬಿಟ್ಟು 10 ಬಿಟ್ಟಾಗುವುದರಿಂದ ಅದು 30 ಬಿಟ್ ಎನಿಸಿಕೊಳ್ಳುತ್ತದೆ. ಈಗ 1080 ಸಾಲಿನ ಚಿತ್ರವನ್ನು ಸೆಕೆಂಡಿಗೆ 60 ಸಲ ಕಳುಹಿಸಿದರೆ 14.85 ಕೋಟಿ ಪಿಕ್ಸೆಲ್, ಅಂದರೆ ಸುಮಾರು 4.46 ಗಿಗಾಬಿಟ್. 4ಕೆ ಚಿತ್ರವನ್ನು 30 ಸಲ ಕಳುಹಿಸಿದರೆ 8.91 ಗಿಗಾಬಿಟ್, 60 ಸಲ ಕಳುಹಿಸಿದರೆ 17.82 ಗಿಗಾಬಿಟ್.

2002ರ ಡಿಸೆಂಬರಿನಲ್ಲಿ ಬಂದ ಮೊದಲ ಎಚ್‌ಡಿಎಂಐ ಆವೃತ್ತಿಯ ಮಿತಿ ಸೆಕೆಂಡಿಗೆ 4.95 ಗಿಗಾಬಿಟ್. 2009ರ 1.4ನೆಯ ಆವೃತ್ತಿಯದು 10.2, 2013ರ 2.0 ಆವೃತ್ತಿಯದು 18, 2017ರ 2.1 ಆವೃತ್ತಿಯದು 48. ಮೇಲಿನ ಅಂಕೆಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದರೆ 1.4 ಇರುವ ಲ್ಯಾಪ್‌ಟಾಪ್ 4ಕೆ ಚಿತ್ರವನ್ನು 30ಕ್ಕಿಂತ ಹೆಚ್ಚು ವೇಗದಲ್ಲಿ ಪೂರ್ಣ ಬಣ್ಣದೊಂದಿಗೆ ಏಕೆ ಕಳುಹಿಸಲಾರದೆಂಬುದು ಸ್ಪಷ್ಟವಾಗುತ್ತದೆ. ಎಷ್ಟೇ ಉತ್ತಮವಾದ ಕೇಬಲ್ ಹಾಕಿದರೂ ಲ್ಯಾಪ್‌ಟಾಪಿನೊಳಗಿನ ಚಿಪ್ಪಿನ ಮಿತಿ ಬದಲಾಗುವುದಿಲ್ಲ.

ನೀವು ಓದು ಬರಹಕ್ಕೆ ಬಳಸುವವರಾದ್ದರಿಂದ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಎಂಬಲ್ಲಿಗೆ ಹೋಗಿ ಟಿವಿಯ ಪರದೆಗೆ 1920×1080 ಮತ್ತು 60 ಹರ್ಟ್ಸ್ (ಅಂದರೆ ಸೆಕೆಂಡಿಗೆ 60 ಚಿತ್ರ) ಕೊಟ್ಟರೆ ಬಾಣ ಸರಾಗವಾಗುತ್ತದೆ. 4ಕೆ ಮತ್ತು 30 ಹರ್ಟ್ಸ್ ಕೊಟ್ಟರೆ ಅಕ್ಷರ ಚೂಪಾಗುತ್ತದೆ. ದೂರ ಕುಳಿತು ನೋಡುವುದಾದರೆ ನಾನು ಮೊದಲನೆಯದನ್ನೇ ಆರಿಸುತ್ತೇನೆ, ಏಕೆಂದರೆ ದೂರದಿಂದ 4ಕೆಯ ಸೂಕ್ಷ್ಮತೆ ಕಣ್ಣಿಗೆ ನಿಲುಕುವುದು ಕಷ್ಟ, ತಡವರಿಸುವ ಬಾಣವಾದರೋ ಎಷ್ಟು ದೂರ ಹೋದರೂ ಬೇಸರ ತರಿಸುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಚಿತ್ರ ಕಳುಹಿಸಬಲ್ಲ ಯುಎಸ್‌ಬಿ-ಸಿ ಕಿಂಡಿಯೂ ಇದ್ದರೆ ಅದರ ಮೂಲಕ 4ಕೆಯನ್ನು 60 ಹರ್ಟ್ಸ್‌ನಲ್ಲಿ ಪಡೆಯುವ ಸಾಧ್ಯತೆ ಇದೆ.

ಹೊಸ ಸದಸ್ಯೆ:

ಯುಎಸ್‌ಬಿ-ಸಿ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ನನ್ನ ತೆಳುವಾದ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಇಲ್ಲ, ಎರಡು ಯುಎಸ್‌ಬಿ-ಸಿ ಕಿಂಡಿಗಳು ಮಾತ್ರ ಇವೆ. ಅಡಾಪ್ಟರ್ ಹಾಕಿ ಜೋಡಿಸಿದರೆ ಒಂದರಲ್ಲಿ ಚಿತ್ರ ಬರುತ್ತದೆ, ಇನ್ನೊಂದರಲ್ಲಿ ಏನೂ ಬರುವುದಿಲ್ಲ. ಕಿಂಡಿ ಕೆಟ್ಟಿದೆಯೇ?

ತಂತಿಯ ತುದಿ:

ಮೇಡಂ, ಕೆಟ್ಟಿರಬೇಕೆಂದೇನೂ ಇಲ್ಲ. ಯುಎಸ್‌ಬಿ-ಸಿ ಎಂಬುದು ಕಿಂಡಿಯ ಆಕಾರದ ಹೆಸರು ಮಾತ್ರ. ಅದರೊಳಗೆ ಏನೇನು ಹರಿಯುತ್ತದೆಂಬುದನ್ನು ಆ ಆಕಾರ ಹೇಳುವುದಿಲ್ಲ. ಚಿತ್ರ ಹೊರಗೆ ಬರಬೇಕಾದರೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂಬ ವ್ಯವಸ್ಥೆ ಆ ಕಿಂಡಿಯಲ್ಲಿರಬೇಕು. ಒಂದೇ ಲ್ಯಾಪ್‌ಟಾಪಿನ ಒಂದು ಕಿಂಡಿಯಲ್ಲಿ ಅದಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ಸಾಮಾನ್ಯ. ಕಿಂಡಿಯ ಪಕ್ಕದಲ್ಲಿ ಮಿಂಚಿನ ಗುರುತಿದ್ದು ಅದು ಥಂಡರ್‌ಬೋಲ್ಟ್ ಆಗಿದ್ದರೆ ಚಿತ್ರ ಖಂಡಿತ ಬರುತ್ತದೆ; ಡಿಸ್‌ಪ್ಲೇಪೋರ್ಟ್ ಗುರುತಿದ್ದರೂ ಬರುತ್ತದೆ. ಗುರುತೇ ಇಲ್ಲದಿದ್ದರೆ ನಿಮ್ಮ ಮಾದರಿಯ ಕೈಪಿಡಿಯೇ ಆಧಾರ.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಫೋನಿನ ಚಾರ್ಜರ್ ಜೊತೆ ಬರುವ ಯುಎಸ್‌ಬಿ-ಸಿ ಕೇಬಲ್‌ಗಳಲ್ಲಿ ಹೆಚ್ಚಿನವು ಚಿತ್ರಕ್ಕೆ ಬೇಕಾದ ತಂತಿಗಳನ್ನೇ ಹೊಂದಿರುವುದಿಲ್ಲ, ಆದ್ದರಿಂದ ಆ ಕೇಬಲಿನಿಂದ ಪರೀಕ್ಷಿಸಿ ಕಿಂಡಿ ಸತ್ತಿದೆಯೆಂದು ತೀರ್ಮಾನಿಸಬಾರದು. ಎರಡನೆಯದಾಗಿ, ಅಡಾಪ್ಟರ್ ಕೊಳ್ಳುವಾಗ ಬರೀ 4ಕೆ ಎಂದು ಬರೆದಿದ್ದರೆ ಸಾಲದು, 60 ಹರ್ಟ್ಸ್ ಎಂದೂ ಬರೆದಿದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಗಣಿತಪ್ರಿಯ ಅವರು ವಿವರಿಸಿದ 30ರ ಮಿತಿಗೇ ಬಂದು ನಿಲ್ಲುತ್ತೀರಿ. ಹಾಗೆಯೇ ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರುಗಳು ಏಕಮುಖವಾದವು. ತಿರುಗಿಸಿ ಹಾಕಿದರೆ ಕೆಲಸ ಮಾಡುವುದಿಲ್ಲ.

ಟಿವಿಯ ಯುಎಸ್‌ಬಿ ಕಿಂಡಿಗೆ ಲ್ಯಾಪ್‌ಟಾಪಿನಿಂದ ಕೇಬಲ್ ಎಳೆದು ಚಿತ್ರ ಬರಲಿಲ್ಲವೆಂದು ಕೇಳುವವರೂ ಬಹಳ ಜನ ಇದ್ದಾರೆ. ಸಾಮಾನ್ಯ ಟಿವಿಗಳಲ್ಲಿ ಆ ಕಿಂಡಿ ಇರುವುದು ಪೆನ್ ಡ್ರೈವಿನಂಥವುಗಳಿಗಾಗಿ. ಅದರಿಂದ ಪರದೆಯ ಚಿತ್ರ ಒಳಗೆ ಹೋಗದು.

ದೂರದೃಷ್ಟಿ:

ಇಷ್ಟೆಲ್ಲ ಕೇಬಲ್, ಅಡಾಪ್ಟರ್ ಗೊಂದಲವೇಕೆ ಎಂದು ಕೇಳಬೇಕೆನಿಸುತ್ತದೆ. ವಿಂಡೋಸ್ ಕೀಲಿಯ ಜೊತೆ 'ಕೆ' ಒತ್ತಿದರೆ ಹತ್ತಿರದ ಟಿವಿಗಳ ಪಟ್ಟಿ ಬರುತ್ತದೆ, ಆರಿಸಿದರೆ ಚಿತ್ರ ಗಾಳಿಯಲ್ಲಿಯೇ ಹೋಗುತ್ತದೆ. ಇದು ಮಿರಾಕಾಸ್ಟ್, 2012ರಲ್ಲಿ ವೈ-ಫೈ ಅಲಯನ್ಸ್ ರೂಪಿಸಿದ್ದು, ವಿಂಡೋಸ್ 8.1ರಿಂದ ಆಚೆಗೆ ಎಲ್ಲದರಲ್ಲೂ ಇದಕ್ಕೆ ಬೆಂಬಲವಿದೆ. ಇದು ಲ್ಯಾಪ್‌ಟಾಪ್ ಮತ್ತು ಟಿವಿಯ ನಡುವೆ ನೇರ ವೈಫೈ ಸಂಪರ್ಕವನ್ನು ಮಾಡಿಕೊಳ್ಳುವುದರಿಂದ ರೂಟರ್ ಕೂಡ ಇರಲೇಬೇಕೆಂದಿಲ್ಲ.

ಗಣಿತಪ್ರಿಯ:

ದೂರದೃಷ್ಟಿ ಅವರೇ, ಫೋಟೊ ತೋರಿಸಲು, ಸ್ಲೈಡ್ ತೋರಿಸಲು ನಿಮ್ಮ ಸಲಹೆ ಅನುಕೂಲವಾದದ್ದೇ. ಓದುಗಮಿತ್ರ ಅವರ ಕೆಲಸಕ್ಕೆ ಮಾತ್ರ ನಾನು ಇದನ್ನು ಸೂಚಿಸಲಾರೆ. ನಿಸ್ತಂತುವಾಗಿ ಕಳುಹಿಸುವಾಗ ಲ್ಯಾಪ್‌ಟಾಪ್ ಪರದೆಯ ಪ್ರತಿ ಚಿತ್ರವನ್ನೂ ವಿಡಿಯೊದಂತೆ ಸಂಕುಚಿತಗೊಳಿಸಬೇಕು, ಟಿವಿ ಅದನ್ನು ಬಿಡಿಸಬೇಕು. ಸಂಕುಚಿತಗೊಳಿಸುವಾಗ ಬಣ್ಣದ ಕಡಿತ ಮತ್ತೆ ಬಂದು ಸೇರುತ್ತದೆ, ಬಿಡಿಸುವಾಗ ವಿಳಂಬವಾಗುತ್ತದೆ; ಟೈಪ್ ಮಾಡಿದ ಅಕ್ಷರ ಕಣ್ಣಿಗೆ ಕಾಣುವಷ್ಟರಲ್ಲಿ ಬೆರಳು ಮುಂದಿನ ಅಕ್ಷರಕ್ಕೆ ಹೋಗಿರುತ್ತದೆ. ಕೇಬಲಿನಲ್ಲಿ ಸೆಕೆಂಡಿಗೆ ಹಲವು ಗಿಗಾಬಿಟ್ ಹರಿಯುವ ಚಿತ್ರವನ್ನು ವೈಫೈ ಹೊರಬಲ್ಲಷ್ಟಕ್ಕೆ ಇಳಿಸುವುದೆಂದರೆ ಏನನ್ನೋ ಬಿಟ್ಟುಕೊಡಲೇಬೇಕು.

ದೂರದೃಷ್ಟಿ:

ಟೈಪ್ ಮಾಡುವ ಕೆಲಸಕ್ಕೆ ಕೇಬಲೇ ಮೇಲು ಎಂಬುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ನಿಸ್ತಂತು ವಿಧಾನಗಳಲ್ಲಿಯೇ ಎರಡು ಬಗೆಗಳಿವೆ, ಅವನ್ನು ಒಂದೇ ಎಂದು ತಿಳಿದು ನಿರಾಶರಾಗುವವರು ಹೆಚ್ಚಾದ್ದರಿಂದ ಬಿಡಿಸಿ ಹೇಳುತ್ತೇನೆ. ಮೊದಲನೆಯದು ಪರದೆಯನ್ನೇ ಪ್ರತಿಬಿಂಬಿಸುವುದು. ಗಣಿತಪ್ರಿಯ ಅವರು ಹೇಳಿದ ನಷ್ಟಗಳೆಲ್ಲ ಅದಕ್ಕೆ ಅನ್ವಯಿಸುತ್ತವೆ. ಎರಡನೆಯದರಲ್ಲಿ ವಿಡಿಯೊ ತಾಣದಲ್ಲಿರುವ ಕಾಸ್ಟ್ ಗುಂಡಿಯನ್ನು ಒತ್ತಿದಾಗ ಲ್ಯಾಪ್‌ಟಾಪ್ ಟಿವಿಗೆ ವಿಳಾಸವನ್ನಷ್ಟೇ ಕೊಡುತ್ತದೆ, ಟಿವಿ ಆ ವಿಡಿಯೊವನ್ನು ಅಂತರ್ಜಾಲದಿಂದ ತಾನೇ ನೇರವಾಗಿ ತರಿಸಿಕೊಳ್ಳುತ್ತದೆ. ಆಗ ಲ್ಯಾಪ್‌ಟಾಪ್ ಬರೀ ರಿಮೋಟಿನ ಕೆಲಸ ಮಾಡುತ್ತಿರುವುದರಿಂದ ಗುಣಮಟ್ಟ ಕೆಡುವುದಿಲ್ಲ. ಈ ವಿಧಾನಕ್ಕೆ ಎರಡೂ ಉಪಕರಣಗಳು ಒಂದೇ ಜಾಲದಲ್ಲಿರಬೇಕು. ಲ್ಯಾಪ್‌ಟಾಪ್ ಅತಿಥಿಗಳಿಗಾಗಿ ಇಟ್ಟ ವೈಫೈನಲ್ಲಿದ್ದರೆ ಅಥವಾ ವಿಪಿಎನ್ (ಸಂಪರ್ಕವನ್ನು ಬೇರೆ ಜಾಲದ ಮೂಲಕ ಹಾಯಿಸುವ ತಂತ್ರಾಂಶ) ಚಾಲನೆಯಲ್ಲಿದ್ದರೆ ಟಿವಿ ಪಟ್ಟಿಯಲ್ಲಿ ಕಾಣದಿರುವುದೇ ಹೆಚ್ಚು. ಸಾಧ್ಯವಿದ್ದಲ್ಲಿ 2.4 ಗಿಗಾಹರ್ಟ್ಸ್ ಬಿಟ್ಟು 5 ಗಿಗಾಹರ್ಟ್ಸ್ ವೈಫೈ ಬಳಸಿರಿ.

ಸ್ವರಸಾಧಕಿ:

ಧ್ವನಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಓದುಗಮಿತ್ರ ಅವರೇ, ಎಚ್‌ಡಿಎಂಐ ಧ್ವನಿಯನ್ನೂ ಒಯ್ಯುತ್ತದೆ, ಆದರೆ ಯಾವ ಸ್ಪೀಕರಿಗೆ ಕಳುಹಿಸಬೇಕೆಂಬುದನ್ನು ನಿರ್ಧರಿಸುವುದು ವಿಂಡೋಸ್. ಕೆಳಗಿನ ಬಲ ಮೂಲೆಯ ಸ್ಪೀಕರ್ ಚಿತ್ರವನ್ನು ಒತ್ತಿ, ಅದರ ಪಕ್ಕದ ಬಾಣದಿಂದ ಪಟ್ಟಿಯನ್ನು ತೆರೆದು ಟಿವಿಯ ಹೆಸರನ್ನು ಆರಿಸಿ. ಟಿವಿಯ ಹೆಸರೇ ಇಲ್ಲದಿದ್ದರೆ ಟಿವಿಯನ್ನು ಆನ್ ಮಾಡಿ, ಕೇಬಲನ್ನು ಬಿಚ್ಚಿ ಮತ್ತೆ ಜೋಡಿಸಿ ನೋಡಿ.

ಹಾಡುವವರ ತುಟಿಗೂ ಧ್ವನಿಗೂ ಹೊಂದಿಕೆಯಾಗದಿದ್ದರೆ ಕಾರಣ ಸಾಮಾನ್ಯವಾಗಿ ಟಿವಿಯ ಚಿತ್ರ ಸುಧಾರಣೆ: ಚಿತ್ರ ತಿದ್ದಿಸಿಕೊಂಡು ಹೊರಬರುವ ಮೊದಲೇ ಬೇರೆ ಸ್ಪೀಕರಿಗೆ ಹೋದ ಧ್ವನಿ ಕಿವಿಗೆ ತಲುಪಿರುತ್ತದೆ. ಪಿಸಿ ಅಥವಾ ಗೇಮ್ ಮೋಡ್ ಆರಿಸಿದರೆ ಈ ಅಂತರ ಬಹಳ ಕಡಿಮೆಯಾಗುತ್ತದೆ. ಬ್ಲೂಟೂತ್ ಸ್ಪೀಕರಿನಲ್ಲಿ ಇದರ ವಿರುದ್ಧವಾಗಿ ಧ್ವನಿಯೇ ಹಿಂದೆ ಬೀಳುತ್ತದೆ, ಆದ್ದರಿಂದ ಸಂಗೀತ ಕಛೇರಿಯ ವಿಡಿಯೊ ನೋಡುವಾಗ ಟಿವಿಯ ಸ್ಪೀಕರನ್ನೋ ತಂತಿಯ ಸ್ಪೀಕರನ್ನೋ ಬಳಸುವುದು ಉತ್ತಮ; ಮೃದಂಗದ ಪೆಟ್ಟು ಕೈಯ ಚಲನೆಗಿಂತ ಹಿಂದಾದರೆ ಕೇಳುವ ಸುಖವೇ ಇರುವುದಿಲ್ಲ.

ಹೊಸ ಸದಸ್ಯೆ:

ತಂತಿಯ ತುದಿ ಅವರೇ, ಕೈಪಿಡಿ ನೋಡಿದೆ. ನೀವು ಹೇಳಿದಂತೆಯೇ ಎಡಗಡೆಯ ಕಿಂಡಿಯಲ್ಲಿ ಮಾತ್ರ ಚಿತ್ರ ಹೊರಬರುವ ವ್ಯವಸ್ಥೆ ಇದೆ. ಈಗ ಇನ್ನೊಂದು ಸಮಸ್ಯೆ: ಎಲ್ಲವೂ ಸರಿಯಾಗಿ ಕಾಣುತ್ತದೆ, ಆದರೆ ಚಂದಾ ಕಟ್ಟಿ ನೋಡುವ ತಾಣದ ಸಿನಿಮಾ ಹಾಕಿದರೆ ಧ್ವನಿ ಮತ್ತು ಅಡಿಬರಹ ಬರುತ್ತವೆ, ಚಿತ್ರ ಮಾತ್ರ ಕಪ್ಪಾಗಿರುತ್ತದೆ.

ವರ್ಣಲೋಕ:

ಇದು ಎಚ್‌ಡಿಸಿಪಿ ಎಂಬ ನಕಲು ತಡೆ ವ್ಯವಸ್ಥೆಯ ಲಕ್ಷಣ. ರಕ್ಷಿತ ವಿಡಿಯೊವನ್ನು ಲ್ಯಾಪ್‌ಟಾಪ್ ಗೂಢಲಿಪಿಯಲ್ಲಿ ಕಳುಹಿಸುತ್ತದೆ. ಲ್ಯಾಪ್‌ಟಾಪಿನಿಂದ ಟಿವಿಯವರೆಗೆ ದಾರಿಯಲ್ಲಿರುವ ಅಡಾಪ್ಟರ್, ಸ್ಪ್ಲಿಟರ್, ಸೌಂಡ್‌ಬಾರ್ ಎಲ್ಲವೂ ಆ ವ್ಯವಸ್ಥೆಯನ್ನು ಬಲ್ಲವಾಗಿರಬೇಕು, ಒಂದು ಬಲ್ಲದಿದ್ದರೂ ಚಿತ್ರ ಕಪ್ಪಾಗುತ್ತದೆ ಅಥವಾ ಕಡಿಮೆ ಗುಣಮಟ್ಟಕ್ಕೆ ಇಳಿಯುತ್ತದೆ. 4ಕೆ ಸಿನಿಮಾಗಳಿಗೆ ಸಾಮಾನ್ಯವಾಗಿ ಎಚ್‌ಡಿಸಿಪಿ 2.2 ಬೇಕು. ನಡುವಿನ ಉಪಕರಣಗಳನ್ನು ಒಂದೊಂದಾಗಿ ತೆಗೆದು ನೋಡುವುದೇ ದೋಷ ಹುಡುಕುವ ಕ್ರಮ. ಗ್ರಾಫಿಕ್ಸ್ ಡ್ರೈವರ್ ಹಳೆಯದಾಗಿದ್ದರೂ ಹೀಗಾಗಬಹುದು. ಕಾಸು ಕೊಟ್ಟು ನೋಡುವವರಿಗೇ ಈ ಕಷ್ಟ ಬರುವುದು ನನಗೆ ನ್ಯಾಯವೆನಿಸುವುದಿಲ್ಲ, ಆದರೆ ವ್ಯವಸ್ಥೆ ಹೀಗಿರುವುದರಿಂದ ನಿಮ್ಮ ಟಿವಿಯಲ್ಲಿಯೇ ಆ ತಾಣದ ಆ್ಯಪ್ ಇದ್ದರೆ ಸಿನಿಮಾಗಳಿಗೆ ಅದನ್ನೇ ಬಳಸುವುದು ಸುಲಭ.

ಹಳೆಯ ಪೆಟ್ಟಿಗೆ:

ನನ್ನಲ್ಲಿರುವುದು ಹಳದಿ, ಬಿಳಿ, ಕೆಂಪು ಕಿಂಡಿಗಳ ಪಿಕ್ಚರ್ ಟ್ಯೂಬ್ ಟಿವಿ. ಎಚ್‌ಡಿಎಂಐ ಒಂದು ತುದಿಯಲ್ಲಿ, ಮೂರು ಬಣ್ಣದ ಪಿನ್ನುಗಳು ಇನ್ನೊಂದು ತುದಿಯಲ್ಲಿರುವ ಕೇಬಲ್ ಹಾಕಿದರೆ ಕೆಲಸವಾಗುತ್ತದೆಯೇ?

ತಂತಿಯ ತುದಿ:

ಬರೀ ಕೇಬಲಿನಿಂದ ಆಗುವುದಿಲ್ಲ. ಎಚ್‌ಡಿಎಂಐ ಡಿಜಿಟಲ್, ನಿಮ್ಮ ಟಿವಿಗೆ ಬೇಕಾದದ್ದು ಅನಲಾಗ್. ನಡುವೆ ಪರಿವರ್ತಿಸುವ ಸರ್ಕ್ಯೂಟ್ ಬೇಕು. ಎಚ್‌ಡಿಎಂಐನಿಂದ ಎವಿಗೆ (ನಿಮ್ಮ ಮೂರು ಬಣ್ಣದ ಕಿಂಡಿಗಳಿಗೆ ಆ ಹೆಸರು) ಎಂದು ಸ್ಪಷ್ಟವಾಗಿ ಬರೆದಿರುವ, ಯುಎಸ್‌ಬಿಯಿಂದ ವಿದ್ಯುತ್ ಪಡೆಯುವ ಚಿಕ್ಕ ಪೆಟ್ಟಿಗೆಯನ್ನು ಕೊಳ್ಳಿ. ವಿರುದ್ಧ ದಿಕ್ಕಿನದೂ ನೋಡಲು ಹಾಗೆಯೇ ಇರುತ್ತದೆ. ಹಳೆಯ ಅನಲಾಗ್ ಟಿವಿಯ ಪದ್ಧತಿಗಳಲ್ಲಿ ಪಾಲ್ ಎಂಬುದರ ಚಿತ್ರದಲ್ಲಿ ಕಾಣುವ ಸಾಲುಗಳು 576, ಎನ್‌ಟಿಎಸ್‌ಸಿಯಲ್ಲಿ 480. ಲ್ಯಾಪ್‌ಟಾಪಿನ 1080 ಸಾಲುಗಳು ಅಷ್ಟಕ್ಕೆ ಇಳಿಯುವುದರಿಂದ ಸಿನಿಮಾ ನೋಡಬಹುದು, ಅಕ್ಷರಗಳನ್ನು 200 ಶೇಕಡಾದವರೆಗೆ ಹಿಗ್ಗಿಸಿಕೊಂಡರೆ ಶೀರ್ಷಿಕೆಗಳನ್ನು ಓದಬಹುದು. ದೀರ್ಘ ಬರಹ ಓದುವ ಆಸೆ ಬೇಡ. ಲ್ಯಾಪ್‌ಟಾಪ್ ಹಳೆಯದಾಗಿದ್ದು 15 ಪಿನ್ನುಗಳ ವಿಜಿಎ ಮಾತ್ರ ಇದ್ದರೆ ಅದರಲ್ಲಿ ಧ್ವನಿ ಬರುವುದಿಲ್ಲ, ಹೆಡ್‌ಫೋನ್ ಕಿಂಡಿಯಿಂದ ಬೇರೆ ತಂತಿ ಎಳೆಯಬೇಕಾಗುತ್ತದೆ.

ನಸುಬೆಳಕು:

ಸುರಕ್ಷತೆಯ ವಿಷಯ ಒಂದನ್ನು ಸೇರಿಸಬೇಕೆನಿಸುತ್ತಿದೆ. ಎರಡು ಪಿನ್ನಿನ ಚಾರ್ಜರ್ ಹಾಕಿದ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಕೆಲವೊಮ್ಮೆ ಜುಮ್ಮೆನ್ನುತ್ತದೆ. ಅದು ಚಾರ್ಜರಿನೊಳಗಿನ ಕೆಪಾಸಿಟರ್ ಮೂಲಕ ಸೋರುವ ಅತ್ಯಲ್ಪ ವಿದ್ಯುತ್. ಹಾಗಿರುವಾಗ ಎಚ್‌ಡಿಎಂಐ ಕೇಬಲನ್ನು ಸಿಕ್ಕಿಸಿದರೆ ಟಿವಿಯ ಸೂಕ್ಷ್ಮ ಚಿಪ್ಪಿಗೆ ಪೆಟ್ಟಾಗುವ ಅಪಾಯವಿದೆ. ಮೊದಲು ಕೇಬಲ್ ಜೋಡಿಸಿ, ನಂತರ ಚಾರ್ಜರ್ ಹಾಕಿ. ಜುಮ್ಮೆನ್ನುವುದು ಹೆಚ್ಚಾಗಿದ್ದರೆ ಚಾರ್ಜರನ್ನೂ ಗೋಡೆಯ ಸಾಕೆಟ್ಟಿನ ಅರ್ತಿಂಗನ್ನೂ ಬಲ್ಲವರಿಂದ ಪರೀಕ್ಷಿಸಿರಿ.

ಓದುಗಮಿತ್ರ:

ಗಣಿತಪ್ರಿಯ ಅವರ ಮಾತಿನಂತೆ 1920×1080 ಮತ್ತು 60 ಹರ್ಟ್ಸ್ ಇಟ್ಟುಕೊಂಡಿದ್ದೇನೆ. ಸ್ವರಸಾಧಕಿ ಅವರು ಹೇಳಿದಲ್ಲಿ ಟಿವಿಯನ್ನು ಆರಿಸಿದ ಮೇಲೆ ಧ್ವನಿಯೂ ಬಂತು. ಕೊನೆಯದಾಗಿ ಎರಡು ಪ್ರಶ್ನೆಗಳು. ಒಮ್ಮೊಮ್ಮೆ ಟಿವಿ ಹಚ್ಚಿದಾಗ ಸಿಗ್ನಲ್ ಇಲ್ಲವೆಂಬ ಸೂಚನೆ ಬರುತ್ತದೆ, ಕೇಬಲ್ ತೆಗೆದು ಹಾಕಿದರೆ ಸರಿಹೋಗುತ್ತದೆ. ಮತ್ತು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಟಿವಿಯಲ್ಲಿ ಮಾತ್ರ ಕೆಲಸ ಮಾಡಬಹುದೇ?

ಗಣಿತಪ್ರಿಯ:

ಎಚ್‌ಡಿಎಂಐ ಕಿಂಡಿಯ 19 ಪಿನ್ನುಗಳಲ್ಲಿ ಒಂದರ ಕೆಲಸ, ಟಿವಿ ಸಿದ್ಧವಾಗಿದೆ ಎಂದು ಲ್ಯಾಪ್‌ಟಾಪಿಗೆ ತಿಳಿಸುವುದು. ಆ ಸೂಚನೆ ಸಿಕ್ಕ ನಂತರ ಲ್ಯಾಪ್‌ಟಾಪ್ ಟಿವಿಯಿಂದ ಒಂದು ಚಿಕ್ಕ ದಾಖಲೆಯನ್ನು ಓದಿಕೊಳ್ಳುತ್ತದೆ. ಟಿವಿ ಯಾವ ರೆಸಲ್ಯೂಶನ್, ಯಾವ ವೇಗ, ಯಾವ ಬಗೆಯ ಧ್ವನಿಯನ್ನು ಸ್ವೀಕರಿಸಬಲ್ಲದೆಂಬುದು ಅದರಲ್ಲಿರುತ್ತದೆ. ಇದಕ್ಕೆ ಇಡಿಐಡಿ ಎನ್ನುತ್ತಾರೆ. ಟಿವಿ ಪೂರ್ತಿ ಎಚ್ಚರಗೊಳ್ಳುವ ಮೊದಲೇ ಲ್ಯಾಪ್‌ಟಾಪ್ ಕೇಳಿದರೆ ಈ ಮಾತುಕತೆ ಅರ್ಧಕ್ಕೆ ನಿಲ್ಲುತ್ತದೆ, ಕೇಬಲ್ ತೆಗೆದು ಹಾಕಿದಾಗ ಮೊದಲಿನಿಂದ ಆರಂಭವಾಗುತ್ತದೆ. ಮೊದಲು ಟಿವಿಯನ್ನು ಹಚ್ಚಿ ಸರಿಯಾದ ಇನ್‌ಪುಟ್ ಆರಿಸಿ, ಅನಂತರ ಲ್ಯಾಪ್‌ಟಾಪನ್ನು ಎಬ್ಬಿಸಿದರೆ ಈ ತೊಂದರೆ ಅಪರೂಪವಾಗುತ್ತದೆ. ಪದೇ ಪದೇ ಕೇಬಲ್ ಎಳೆದರೆ ಕಿಂಡಿ ಸಡಿಲವಾಗುವುದರಿಂದ, ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು 'ಬಿ' ಒತ್ತಿ ನೋಡಿ. ಗ್ರಾಫಿಕ್ಸ್ ಡ್ರೈವರ್ ಮತ್ತೆ ಚಾಲನೆಗೊಂಡು ಹಲವು ಸಲ ಚಿತ್ರ ಮರಳುತ್ತದೆ.

ಮುಚ್ಚಳದ ವಿಷಯಕ್ಕೆ ಬಂದರೆ, ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಏನು ಮಾಡಬೇಕೆಂಬ ಆಯ್ಕೆ ಇದೆ. ಚಾರ್ಜರ್ ಹಾಕಿರುವಾಗ ಏನೂ ಮಾಡಬೇಡ ಎಂಬುದನ್ನೂ, ಬ್ಯಾಟರಿಯಲ್ಲಿರುವಾಗ ನಿದ್ರೆಗೆ ಹೋಗು ಎಂಬುದನ್ನೂ ಇಟ್ಟುಕೊಳ್ಳಿ. ಬೇರೆ ಕೀಬೋರ್ಡ್ ಮತ್ತು ಮೌಸ್ ಬೇಕಾಗುತ್ತವೆ. ಮ್ಯಾಕ್‌ಬುಕ್ ಬಳಸುವವರಿಗೆ ಚಾರ್ಜರ್ ಮತ್ತು ಹೊರಗಿನ ಕೀಬೋರ್ಡ್, ಮೌಸ್ ಇದ್ದರೆ ಮುಚ್ಚಳ ಮುಚ್ಚಿದ ಮೇಲೂ ಟಿವಿಯಲ್ಲಿ ಚಿತ್ರ ಮುಂದುವರಿಯುತ್ತದೆ. ಕೀಬೋರ್ಡಿನ ಸಂದುಗಳಿಂದ ಬಿಸಿ ಹೊರಹೋಗುವ ಮಾದರಿಗಳಲ್ಲಿ ಮುಚ್ಚಳವನ್ನು ಪೂರ್ತಿ ಮುಚ್ಚದೆ, ವಿಂಡೋಸ್ ಮತ್ತು 'ಪಿ' ಒತ್ತಿ ಎರಡನೆಯ ಪರದೆ ಮಾತ್ರ ಎಂಬುದನ್ನು ಆರಿಸುವುದು ಒಳ್ಳೆಯದು. ಟಿವಿಯನ್ನು ರಿಮೋಟಿನಿಂದ ಆಫ್ ಮಾಡಿದ ಮಾತ್ರಕ್ಕೆ ಲ್ಯಾಪ್‌ಟಾಪ್ ನಿಲ್ಲುವುದಿಲ್ಲ, ಮುಚ್ಚಿದ ಮುಚ್ಚಳದಡಿಯಲ್ಲಿ ಅದು ಓಡುತ್ತಲೇ ಇರುತ್ತದೆ. ಆದ್ದರಿಂದ ಚೀಲಕ್ಕೆ ಹಾಕುವ ಮೊದಲು ತಪ್ಪದೆ ಶಟ್‌ಡೌನ್ ಮಾಡಿ.